ಹಡಗಿನಿಂದ ಇಳಿಯುವ ಹಕ್ಕು

ನಮ್ಮ ಗಂಗಾವತಿ ಸೀಮೆಯಲ್ಲಿ ನೀರಿನ ಮೇಲೆ ತೇಲುವುದೆಂದರೆ ಆನೆಗೊಂದಿಯ ಹರಿಗೋಲು. ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಹಾಗಿದ್ದೂ ಶ್ರೀರಾಮನಗರದ ಗೊಬ್ಬರದಂಗಡಿಯಲ್ಲಿ ಪೇರಿಸಿಟ್ಟ ಪೊಟ್ಯಾಷ್ ಚೀಲ ಹಡಗು ಹತ್ತಿಯೇ ಬಂದದ್ದು. ಭತ್ತಕ್ಕೆ ಹಾಕುವ ಈ ಪೊಟ್ಯಾಷ್‌ಗೆ ನಾವು ಹೊರದೇಶಗಳ ಗಣಿಗಳನ್ನೇ ನಂಬಿದ್ದೇವೆ. ಮಿರ್ಚಿ ಭಜಿ ಕರಿಯುವ ಪಾಮ್ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾ ಕಡೆಯದು. ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಸಮುದ್ರ ದಾಟಿ ಬರಬೇಕು. 2021ರ ಬೇಸಿಗೆಯಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ರಾಜ್ಯದ ಆಸ್ಪತ್ರೆಗಳಿಗೆ ಹೋದ ಆಮ್ಲಜನಕದ ದೊಡ್ಡ ಪಾಲು ಹೊರಟದ್ದು ತೋರಣಗಲ್ಲಿನಿಂದಲೇ. ಪ್ರಪಂಚದ ವ್ಯಾಪಾರದ ಸರಕಿನಲ್ಲಿ ತೂಕದ ಲೆಕ್ಕಕ್ಕೆ ಶೇ 80ಕ್ಕೂ ಹೆಚ್ಚು ಸಾಗುವುದು ಹಡಗಿನಲ್ಲಿ. ಅವುಗಳನ್ನು ನಡೆಸುವವರು, 2021ರಲ್ಲಿ ಹಡಗು ಉದ್ಯಮದ ಸಂಘಟನೆಗಳು ಮಾಡಿದ ಎಣಿಕೆಯಂತೆ, ಸುಮಾರು 18.9 ಲಕ್ಷ ಜನ.

ಕೋವಿಡ್ ಕಾಲದಲ್ಲಿ ಇವರಲ್ಲಿ 4 ಲಕ್ಷದಷ್ಟು ಮಂದಿ ಕರಾರು ಮುಗಿದರೂ ಹಡಗಿನಿಂದ ಇಳಿಯಲಾಗದೆ ಉಳಿದಿದ್ದರು. ಇದು ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, 2020ರ ಕೊನೆಯಲ್ಲಿ ಕೊಟ್ಟ ಅಂದಾಜು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಲಾಗದೆ ಮನೆಯಲ್ಲಿ ಕೂತಿದ್ದರು. ಸರಕಿಗೆ ಬಂದರುಗಳು ತೆರೆದೇ ಇದ್ದವು. ಹಾಗಾದರೆ ಸರಕು ತಂದವರಿಗೆ ಬಾಗಿಲು ಏಕೆ ಮುಚ್ಚಿತು, ತೆರೆಯಬೇಕಾದವರು ಯಾರಾಗಿದ್ದರು ಎಂಬುದು ಆಗಿನಿಂದ ನಡೆದಿರುವ ಚರ್ಚೆ. ಕಾನೂನು ಇರಲಿಲ್ಲ ಎಂದು ಹಲವರು ನಂಬಿದ್ದಾರೆ. ಕಾನೂನು ಬೇಕಾದಷ್ಟಿತ್ತು. ಹಡಗು, ಬಂದರು, ಮನೆ ಈ ಮೂರರ ನಡುವೆ ಮನುಷ್ಯನನ್ನು ಕೈಯಿಂದ ಕೈಗೆ ದಾಟಿಸುವ ಜಾಗದಲ್ಲಿ ಮಾತ್ರ ಹೊಣೆ ಹೊರುವವರು ಯಾರೂ ಇರಲಿಲ್ಲ ಎಂಬುದು ನನ್ನ ಓದು.

ಎರಡು ಹಳಿಗಳ ಚರಿತ್ರೆ

ರೋಗ ಬಂದಾಗ ಹಡಗನ್ನು ದೂರ ನಿಲ್ಲಿಸುವ ಪದ್ಧತಿ ಹಳೆಯದು. ಇಂದು ಡುಬ್ರೊವ್ನಿಕ್ ಎಂದು ಕರೆಯುವ ರಗುಸಾ ಪಟ್ಟಣ 1377ರಲ್ಲೇ ಪ್ಲೇಗು ಹಬ್ಬಿದ ಊರುಗಳಿಂದ ಬಂದವರನ್ನು ತಿಂಗಳ ಕಾಲ ಹೊರಗಿಡುವ ಕಟ್ಟಳೆ ಮಾಡಿತು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿದಾಗ ಹಡಗುಗಳನ್ನು ಎಷ್ಟು ದಿನ ತಡೆಯಬಹುದು, ಅದರಿಂದ ವ್ಯಾಪಾರಕ್ಕೆ ಎಷ್ಟು ನಷ್ಟ ಎಂಬುದೇ ಮಾತಿನ ತಿರುಳಾಗಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಮರುವರ್ಷವೇ ಬ್ರಿಟಿಷ್ ಸರ್ಕಾರ ಎಪಿಡೆಮಿಕ್ ಡಿಸೀಸಸ್ ಕಾಯ್ದೆ ತಂದಿತು. ನಾಲ್ಕೇ ಕಲಮಿನ ಆ ಪುಟ್ಟ ಕಾಯ್ದೆ ಬಂದರಿಗೆ ಬರುವ, ಬಂದರಿನಿಂದ ಹೊರಡುವ ಹಡಗನ್ನು ತಪಾಸಣೆ ಮಾಡುವ, ಅದರಲ್ಲಿರುವವರನ್ನು ಹಿಡಿದಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಹಿಡಿದಿಟ್ಟವರ ಕೂಲಿ, ಊಟ, ಊರಿನ ದಾರಿ ಯಾರ ಪಾಲಿನದು ಎಂಬ ಬಗ್ಗೆ ಅದರಲ್ಲಿ ಸೊಲ್ಲಿಲ್ಲ.

ನಾವಿಕರ ಹಕ್ಕಿನ ಚರಿತ್ರೆ ಇನ್ನೊಂದು ಹಳಿಯ ಮೇಲೆ ಸಾಗಿತು. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಲಾಸ್ಕರರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ, ಮಲಗಲು ಕಡಿಮೆ ಜಾಗ ಎಂದು ಕರಾರಿನಲ್ಲೇ ಬರೆದಿರುತ್ತಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಐಎಲ್‌ಒ, ಹುಟ್ಟಿದ ಮರುವರ್ಷ, 1920ರಲ್ಲಿ, ಜಿನೋವಾದಲ್ಲಿ ನಾವಿಕರಿಗಾಗಿಯೇ ಅಧಿವೇಶನ ನಡೆಸಿತು. ಕರಾರು ಮುಗಿದ ನಾವಿಕನನ್ನು ಊರಿಗೆ ಕಳಿಸಬೇಕೆಂಬ ಒಪ್ಪಂದ 1926ರದು. ಹೀಗೆ ದಶಕಗಳಲ್ಲಿ ಸೇರುತ್ತ ಹೋದ ಹತ್ತಾರು ಒಪ್ಪಂದಗಳನ್ನು ಒಂದೇ ಕಡೆ ಹೊಲಿದದ್ದು 2006ರ ಕಡಲ ಕಾರ್ಮಿಕ ಒಪ್ಪಂದ. ಹಡಗಿನವರು ಅದನ್ನು ಎಂಎಲ್‌ಸಿ ಎನ್ನುತ್ತಾರೆ. 2013ರ ಆಗಸ್ಟ್ 20ರಂದು ಅದು ಜಾರಿಗೆ ಬಂತು. ಭಾರತ 2015ರ ಅಕ್ಟೋಬರ್‌ನಲ್ಲಿ ಅದನ್ನು ಅನುಮೋದಿಸಿ, ಮರುವರ್ಷ ನಿಯಮಗಳನ್ನು ರೂಪಿಸಿತು. ಎಂಎಲ್‌ಸಿ ಪ್ರಕಾರ ಒಬ್ಬನನ್ನು ಹಡಗಿನಲ್ಲಿ 12 ತಿಂಗಳಿಗಿಂತ ಕಡಿಮೆ ಅವಧಿಗೆ ಮಾತ್ರ ಇಟ್ಟುಕೊಳ್ಳಬಹುದು. ತಿಂಗಳಿಗೆ ಎರಡೂವರೆ ದಿನದ ರಜೆಯನ್ನು ಕಳೆದರೆ ಉಳಿಯುವುದು 11 ತಿಂಗಳು. ಊರಿಗೆ ಮರಳುವ ಖರ್ಚು ಹಡಗಿನ ಮಾಲೀಕನದು. ಕಾಯಿಲೆ ಬಿದ್ದರೆ ಹತ್ತಿರದ ಬಂದರಿನ ದೇಶ ದಡದಲ್ಲಿ ಚಿಕಿತ್ಸೆ ಕೊಡಿಸಬೇಕು.

ಆರೋಗ್ಯದ ಕಾನೂನು ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿ, ಕಾರ್ಮಿಕ ಕಾನೂನು ಐಎಲ್‌ಒ ಕೈಯಲ್ಲಿ, ಹಡಗಿನ ಸುರಕ್ಷತೆ ಐಎಂಒ ಕೈಯಲ್ಲಿ. ಊರಿನ ಬಾಗಿಲು ಮಾತ್ರ ಆಯಾ ದೇಶದ ಗೃಹ ಇಲಾಖೆಯ ಕೈಯಲ್ಲಿ. 2020ರಲ್ಲಿ ಈ ಹಳಿಗಳು ಒಂದೇ ಕಡೆ ಬಂದು ಸೇರಿದವು, ಕೈಕಂಬ ತೋರಿಸುವವರು ಇರಲಿಲ್ಲ.

ಪಣಂಬೂರಿನಿಂದ ಚೀನಾದವರೆಗೆ

ಮೊದಲ ಮುನ್ಸೂಚನೆ ಜಪಾನಿನ ಯೊಕೊಹಾಮಾದಿಂದ ಬಂತು. 2020ರ ಫೆಬ್ರುವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರ ನೌಕೆಯಲ್ಲಿ 3,711 ಜನ ಸಿಕ್ಕಿಬಿದ್ದರು, 712 ಮಂದಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಕಾರವಾರದ ಯುವಕನೊಬ್ಬನೂ ಇದ್ದ. ಪ್ರಯಾಣಿಕರು ತಮ್ಮ ತಮ್ಮ ಕೋಣೆಯೊಳಗೆ ಕದ ಹಾಕಿಕೊಂಡು ಕೂತಿರಬೇಕೆಂಬ ಆಜ್ಞೆಯಾಯಿತು. ಅವರ ಬಾಗಿಲಿಗೆ ಮೂರು ಹೊತ್ತು ಊಟದ ತಟ್ಟೆ ತಂದಿಡಬೇಕಾದವರು ಈ ಸಿಬ್ಬಂದಿಯೇ. ಕೆಲಸ ಮುಗಿಸಿ ಇವರು ಮಲಗಲು ಹೋಗುತ್ತಿದ್ದುದು ಒಬ್ಬರಿಗಿಂತ ಹೆಚ್ಚು ಮಂದಿ ಹಂಚಿಕೊಳ್ಳುವ ಕ್ಯಾಬಿನ್ನಿಗೆ, ಉಣ್ಣುತ್ತಿದ್ದುದು ಒಂದೇ ಮೆಸ್ಸಿನಲ್ಲಿ. ಕ್ವಾರಂಟೈನ್ ಯಾರನ್ನು ಕಾಯುತ್ತದೆ, ಯಾರ ಮೈಮೇಲೆ ನಿಂತು ಕಾಯುತ್ತದೆ ಎಂಬುದು ಆ ತಟ್ಟೆಗಳ ಓಡಾಟದಲ್ಲೇ ಬಯಲಾಗಿತ್ತು.

ಮಾರ್ಚ್ ಮೊದಲ ವಾರ ಎಂಎಸ್‌ಸಿ ಲಿರಿಕಾ ಎಂಬ ವಿಹಾರ ನೌಕೆ ಪಣಂಬೂರಿನ ನವಮಂಗಳೂರು ಬಂದರಿಗೆ ಬರಬೇಕಿತ್ತು. ಅದಕ್ಕೆ ಪ್ರವೇಶ ಸಿಗಲಿಲ್ಲ. ಅದೇ ತಿಂಗಳು ದೇಶದಾದ್ಯಂತ ಲಾಕ್‌ಡೌನ್ ಆಯಿತು, ಹಡಗಿನ ಸಿಬ್ಬಂದಿಯ ಬದಲಾವಣೆ, ಅಂದರೆ ಕ್ರ್ಯೂ ಚೇಂಜ್, ನಿಂತಿತು. ಭಾರತದ ನಾವಿಕರನ್ನು ತುಂಬಿಕೊಂಡು ಬಂದ ಮರೆಲ್ಲಾ ಡಿಸ್ಕವರಿ ಎಂಬ ನೌಕೆ ಮುಂಬಯಿ ತೀರದಾಚೆ ದಿನಗಟ್ಟಲೆ ಕಾಯಬೇಕಾಯಿತು. ಸ್ವಂತ ದೇಶದ ದಡ ಕಣ್ಣಿಗೆ ಕಾಣುತ್ತಿದ್ದರೂ ಇಳಿಯುವಂತಿಲ್ಲ. ಏಪ್ರಿಲ್ 21ರಂದು ಗೃಹ ಸಚಿವಾಲಯ ಕಾರ್ಯವಿಧಾನವೊಂದನ್ನು ಹೊರಡಿಸಿದ ಮೇಲೆ, 23ರಂದು ಅವರು ಇಳಿದರು.

ಆ ಕಾರ್ಯವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಂಗಾವತಿ ಕಡೆಯ ಹುಡುಗನೊಬ್ಬ ಪಣಂಬೂರಿನಲ್ಲಿ ಇಳಿಯಬೇಕಿತ್ತು ಎಂದು ಇಟ್ಟುಕೊಳ್ಳಿ. ಕ್ಯಾಪ್ಟನ್ ಹಡಗಿನ ಆರೋಗ್ಯದ ಘೋಷಣೆಯನ್ನು ಬಂದರಿನ ಆರೋಗ್ಯಾಧಿಕಾರಿಗೆ ಕಳಿಸಬೇಕು. ಇಳಿದವನ ಗಂಟಲ ದ್ರವ ಪರೀಕ್ಷೆಗೆ ಹೋಗಬೇಕು, ಫಲಿತಾಂಶ ಬರುವತನಕ ಅವನನ್ನು ಗೊತ್ತಾದ ಜಾಗದಲ್ಲಿ ಪ್ರತ್ಯೇಕವಾಗಿಡಬೇಕು. ನೆಗೆಟಿವ್ ಬಂದರೆ ಸ್ಥಳೀಯ ಆಡಳಿತ ಅವನಿಗೂ ಅವನ ಗಾಡಿಯ ಡ್ರೈವರನಿಗೂ ಪಾಸು ಕೊಡಬೇಕು. ಆ ಪಾಸಿನಲ್ಲಿ ಬರೆದ ದಾರಿಯಲ್ಲೇ ಹೋಗಬೇಕು, ಬರೆದ ಕಡೆಯೇ ನಿಲ್ಲಬೇಕು. ಹತ್ತುವವನಿಗೂ ಹೀಗೇ: ಹಿಂದಿನ 28 ದಿನ ಎಲ್ಲೆಲ್ಲಿದ್ದೆ, ಯಾರ ಜೊತೆ ಇದ್ದೆ ಎಂಬ ಲೆಕ್ಕ ಕೊಡಬೇಕು. ಒಂದೊಂದೂ ನ್ಯಾಯವಾದದ್ದೇ. ಆದರೆ ಹತ್ತುವವನು ಬಾರದೆ ಇಳಿಯುವವನು ಇಳಿಯುವಂತಿಲ್ಲ. ಇಬ್ಬರ ಕಾಗದವೂ ಹಡಗು ದಕ್ಕೆಯಲ್ಲಿ ನಿಂತ ಒಂದೆರಡು ದಿನದೊಳಗೆ ಕೂಡಿಬರಬೇಕು. ಒಂದು ಸಹಿ ತಡವಾದರೆ ಹಡಗು ಹೊರಟುಹೋಗುತ್ತದೆ, ಇಳಿಯಬೇಕಾದವನು ಇನ್ನೊಂದು ಖಂಡಕ್ಕೆ.

ಇಷ್ಟಾದರೂ ಭಾರತ ಬೇರೆ ಹಲವು ದೇಶಗಳಿಗಿಂತ ಬೇಗ ದಾರಿ ಮಾಡಿತು ಎಂಬುದನ್ನು ಒಪ್ಪಬೇಕು. ಬಂದರು ಮತ್ತು ವಿಶೇಷ ವಿಮಾನಗಳ ಮೂಲಕ ನಡೆದ ಕ್ರ್ಯೂ ಚೇಂಜ್ 1 ಲಕ್ಷ ದಾಟಿತೆಂದು 2020ರ ಆಗಸ್ಟ್‌ನಲ್ಲಿ ನೌಕಾಯಾನ ಸಚಿವಾಲಯ ಹೇಳಿತು.

ಹೊರಗೆ ನೋಡಿದರೆ ಚಿತ್ರ ಕರಾಳ. ಆಸ್ಟ್ರೇಲಿಯಾದ ಕಲ್ಲಿದ್ದಲು ಹೊತ್ತ ಜಗ್ ಆನಂದ್ ಹಡಗು 2020ರ ಜೂನ್‌ನಿಂದ ಚೀನಾದ ಜಿಂಗ್‌ಟಾಂಗ್ ಬಂದರಿನ ಹೊರಗೆ ಲಂಗರು ಹಾಕಿ ನಿಂತಿತು. ಅದರಲ್ಲಿ 23 ಮಂದಿ ಭಾರತೀಯರು. ಅನಸ್ತಾಸಿಯಾ ಎಂಬ ಇನ್ನೊಂದು ಹಡಗಿನ ಕತೆಯೂ ಅದೇ. ಸರಕು ಇಳಿಸಲು ಬಿಡದ್ದಕ್ಕೆ ಚೀನಾ–ಆಸ್ಟ್ರೇಲಿಯಾ ಜಗಳ ಕಾರಣ ಎಂದು ಎಲ್ಲರೂ ಬಲ್ಲರು. ಜನರನ್ನು ಇಳಿಸದಿರಲು ಕೊಟ್ಟ ಕಾರಣ ಮಾತ್ರ ಕೋವಿಡ್. ಜಗ್ ಆನಂದ್ ಸಿಬ್ಬಂದಿ 2021ರ ಜನವರಿಯಲ್ಲಿ ಜಪಾನಿನ ಮೂಲಕ ಊರು ಕಂಡರು, ಅನಸ್ತಾಸಿಯಾದವರು ಫೆಬ್ರುವರಿಯಲ್ಲಿ. 2020ರ ಜುಲೈನಲ್ಲಿ ವಕಾಶಿಯೊ ಎಂಬ ಹಡಗು ಮಾರಿಷಸ್‌ನ ಹವಳದ ದಿಬ್ಬಕ್ಕೆ ಬಡಿದು ಸಾವಿರ ಟನ್ನಿನಷ್ಟು ಎಣ್ಣೆ ಕಡಲಿಗೆ ಸೇರಿತಲ್ಲ, ಅದು ದಡದ ಹತ್ತಿರ ಸರಿದದ್ದು ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಎಂದು ಅದರ ಧ್ವಜದ ದೇಶವಾದ ಪನಾಮಾದ ಅಧಿಕಾರಿಗಳು ಹೇಳಿದ್ದಾರೆ. ಅದರ ಸಿಬ್ಬಂದಿಯಲ್ಲೂ ಕರಾರಿನ ಗಡುವು ದಾಟಿದವರಿದ್ದರು.

ಎರಡನೇ ಅಲೆಯಲ್ಲಿ ಭಾರತೀಯ ಎಂಬುದೇ ಅನರ್ಹತೆಯಾಯಿತು. 2021ರ ಏಪ್ರಿಲ್ ಕೊನೆಯಿಂದ ಸಿಂಗಪುರ ಮೊದಲಾದ ಬಂದರುಗಳು ಭಾರತದಿಂದ ಬಂದ ಸಿಬ್ಬಂದಿಯ ಬದಲಾವಣೆಗೆ ಅವಕಾಶ ಕೊಡಲಿಲ್ಲ. ಅದೇ ವರ್ಷದ ಮೇ 5ರಂದು ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ದ್ರವ ಆಮ್ಲಜನಕ ಹೊತ್ತು ಪಣಂಬೂರಿಗೆ ಬಂತು. ಮರುವಾರ ಐಎನ್‌ಎಸ್ ಕೊಚ್ಚಿ ಮತ್ತು ತಾಬರ್ ಕುವೈತ್‌ನಿಂದ ಬಂದವು. ಹಡಗಿಗಾಗಿ ಹಾರೈಸಿ ಕೂತ ದೇಶ, ತನ್ನ ನಾವಿಕರಿಗೆ ಹಡಗಿಲ್ಲದ ದೇಶ, ಎರಡೂ ಒಂದೇ ಕಾಲದ ಮಾತು. ಲಸಿಕೆಯದು ಇನ್ನೊಂದು ತೊಡಕು. ಕೊವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಅದನ್ನು ಹಾಕಿಸಿಕೊಂಡವನ ಪ್ರಮಾಣಪತ್ರಕ್ಕೆ ಎಷ್ಟೋ ಬಂದರುಗಳಲ್ಲಿ ಬೆಲೆಯಿರಲಿಲ್ಲ. ನಾವಿಕರ ಪರವಾಗಿ ಕಂಪನಿಗಳು ಸಹಿ ಹಾಕಿದ ನೆಪ್ಚೂನ್ ಘೋಷಣೆಯ ಸೂಚ್ಯಂಕದ ಪ್ರಕಾರ 2021ರ ಆಗಸ್ಟ್‌ನಲ್ಲಿ ಶೇ 9ರಷ್ಟು ನಾವಿಕರು ಕರಾರು ಮುಗಿದ ಮೇಲೂ ಹಡಗಿನಲ್ಲೇ ಇದ್ದರು. ಅಂದರೆ ಮೊದಲ ಲಾಕ್‌ಡೌನಿನ ಗಾಬರಿ ಕಳೆದು ವರ್ಷ ದಾಟಿದರೂ ಬಿಕ್ಕಟ್ಟು ಮುಗಿದಿರಲಿಲ್ಲ.

ಬಂದರಿನ ಜನ ಮೊದಲು ಎನ್ನುವವರು

ಹೊಣೆ ಯಾರದೆಂಬ ಚರ್ಚೆಯಲ್ಲಿ ಹಲವು ಪಂಥಗಳಿವೆ, ಇದು ಮೊದಲನೆಯದು. ದಡದಲ್ಲಿರುವ ಜನರ ಪ್ರಾಣ ಕಾಯುವುದು ಸರ್ಕಾರದ ಮೊದಲ ಕೆಲಸ, ಹಡಗಿನಿಂದ ರೋಗ ಬಂದ ಉದಾಹರಣೆಗಳು ಶತಮಾನಗಳಿಂದ ಇವೆ ಎಂಬುದು ಈ ಪಂಥದ ವಾದ. ಇದನ್ನು ಕ್ರೂರವೆಂದು ತಳ್ಳಿಹಾಕುವುದು ಸುಲಭ. ಆದರೆ ಲಕ್ಷದ್ವೀಪವನ್ನು ನೋಡಿ. ಕೊಚ್ಚಿಯಲ್ಲೇ ಕ್ವಾರಂಟೈನ್ ಮುಗಿಸಿ ಬರಬೇಕೆಂಬ ಬಿಗಿ ನಿಯಮದಿಂದ 2021ರ ಜನವರಿಯವರೆಗೆ ಅಲ್ಲಿ ಒಂದೂ ಪ್ರಕರಣ ಇರಲಿಲ್ಲ. ದೊಡ್ಡ ಆಸ್ಪತ್ರೆಯಿಲ್ಲದ ದ್ವೀಪಕ್ಕೆ ಸಮುದ್ರವೇ ಕೋಟೆ. ಅಂಥ ಕಡೆ ಹಡಗಿಗನ ಹಕ್ಕು ಎಂದು ವಾದಿಸುವವನು ದ್ವೀಪದವರ ಮುಖ ನೋಡಿ ವಾದಿಸಬೇಕಾಗುತ್ತದೆ.

ಈ ಪಂಥ ಬಂದರು ಮುಚ್ಚಿದ್ದನ್ನು ವಿವರಿಸುತ್ತದೆ. ಮುಚ್ಚಿಯೇ ಇಟ್ಟದ್ದನ್ನು ವಿವರಿಸುವುದಿಲ್ಲ. ಪರೀಕ್ಷೆ ಬಂದ ಮೇಲೆ, ಲಸಿಕೆ ಬಂದ ಮೇಲೆ, 14 ದಿನ ಹಡಗಿನಲ್ಲೇ ಕಳೆದು ಯಾರಿಗೂ ಜ್ವರವಿಲ್ಲವೆಂದು ಗೊತ್ತಾದ ಮೇಲೂ ಬಾಗಿಲು ಹಾಕಿದ್ದಕ್ಕೆ ವೈದ್ಯಕೀಯ ಕಾರಣ ಹುಡುಕುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಆರೋಗ್ಯ ನಿಯಮಾವಳಿಯೇ ಆರೋಗ್ಯದ ಕಾರಣಕ್ಕೆ ಹಡಗನ್ನು ಬಂದರಿಗೆ ಬಾರದಂತೆ ತಡೆಯಬಾರದು ಎನ್ನುತ್ತದೆ. ಹಡಗು ಬರಬಹುದು ಎಂದಿತು ನಿಯಮ. ಮನುಷ್ಯ ಇಳಿಯಬಹುದೇ ಎಂಬುದನ್ನು ಆಯಾ ದೇಶದ ವಲಸೆ ಅಧಿಕಾರಿಯ ವಿವೇಚನೆಗೆ ಬಿಟ್ಟಂತಾಯಿತು.

ಹಕ್ಕಿಗೆ ರಜೆಯಿಲ್ಲ ಎನ್ನುವವರು

ಕಾರ್ಮಿಕ ಸಂಘಗಳು ಮತ್ತು ಐಎಲ್‌ಒ ತಜ್ಞರ ನಿಲುವು ಇದು. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ, ಐಟಿಎಫ್, ಆರಂಭದಲ್ಲಿ ಕರಾರು ವಿಸ್ತರಣೆಗೆ ಒಪ್ಪಿತ್ತು. 2020ರ ಜೂನ್ ಮಧ್ಯಕ್ಕೆ ಅದರ ತಾಳ್ಮೆ ಮುಗಿಯಿತು. ಕರಾರು ಮುಗಿದವರು ಇನ್ನು ಕೆಲಸ ನಿರಾಕರಿಸಬಹುದು, ನಾವು ಬೆನ್ನಿಗಿದ್ದೇವೆ ಎಂದಿತು. ಐಎಲ್‌ಒ ತಜ್ಞರ ಸಮಿತಿ ಡಿಸೆಂಬರ್‌ನಲ್ಲಿ ಇನ್ನೂ ಖಚಿತವಾಗಿ ಮಾತಾಡಿತು: ದೈವಾಧೀನ ಪರಿಸ್ಥಿತಿ ಎಂಬ ನೆಪ, ಬೇರೆ ದಾರಿಗಳು ತೆರೆದುಕೊಂಡ ಮೇಲೆ, ನಡೆಯುವುದಿಲ್ಲ. ಒಪ್ಪಿಗೆಯಿಲ್ಲದೆ ದುಡಿಸಿಕೊಂಡರೆ ಅದು ಬಲವಂತದ ದುಡಿಮೆಯ ಹತ್ತಿರಕ್ಕೆ ಬರುತ್ತದೆ.

ಈ ವಾದಕ್ಕೆ ಹಲ್ಲು ಕೊಟ್ಟ ದೇಶ ಆಸ್ಟ್ರೇಲಿಯಾ. 2021ರ ಫೆಬ್ರುವರಿ 28ರ ನಂತರ 11 ತಿಂಗಳ ಮಿತಿ ದಾಟಿದ ವಿಸ್ತರಣೆ ಒಪ್ಪುವುದಿಲ್ಲ ಎಂದು ಮುಂಚಿತವಾಗಿಯೇ ಹೇಳಿತು. ಹಡಗು ದಕ್ಕೆಯಲ್ಲಿ ನಿಂತರೆ ಮಾಲೀಕನಿಗೆ ದಿನಕ್ಕೆ ಸಾವಿರಾರು ಡಾಲರ್ ನಷ್ಟ. ಆ ಭಯವೇ ಹಲವರನ್ನು ಊರು ಸೇರಿಸಿತು. ಆದರೆ ಮಾಲೀಕನಿಗೆ ದಂಡ ಹಾಕುವ ದೇಶವೇ ತನ್ನ ವಿಮಾನ ನಿಲ್ದಾಣವನ್ನು ಮುಚ್ಚಿದ್ದರೆ ಅವನು ಜನರನ್ನು ಹೇಗೆ ಕಳಿಸಬೇಕು? ಈ ಪಂಥದ ದುರ್ಬಲ ಜಾಗ ಇಲ್ಲಿದೆ. ಎಂಎಲ್‌ಸಿ ಬಹುಪಾಲು ಮಾಲೀಕ ಮತ್ತು ಧ್ವಜದ ದೇಶ, ಅಂದರೆ ಹಡಗು ನೋಂದಣಿಯಾದ ದೇಶದ ಮೇಲೆ ಹೊಣೆ ಹೊರಿಸುತ್ತದೆ. 2020ರಲ್ಲಿ ಬಾಗಿಲು ಹಾಕಿದವರು ಮುಖ್ಯವಾಗಿ ಬಂದರಿನ ದೇಶಗಳು ಮತ್ತು ವಿಮಾನ ದಾಟಿಹೋಗಬೇಕಾದ ದೇಶಗಳು.

ಅಗತ್ಯ ಕಾರ್ಮಿಕ ಎಂಬ ಪಟ್ಟ

ಡಾಕ್ಟರು, ನರ್ಸು, ಪೊಲೀಸರಂತೆ ನಾವಿಕನನ್ನೂ ಅಗತ್ಯ ಕಾರ್ಮಿಕನೆಂದು ಸಾರಿದರೆ ಗಡಿ, ವೀಸಾ, ಲಸಿಕೆಯ ಸಾಲು ಎಲ್ಲವೂ ಸಲೀಸು ಎಂಬುದು ಹಡಗು ಉದ್ಯಮ ಮತ್ತು ಐಎಂಒಗೆ ಪ್ರಿಯವಾದ ದಾರಿ. ಸುರಕ್ಷಿತ ಕ್ರ್ಯೂ ಚೇಂಜ್‌ಗೆ ಐಎಂಒ 2020ರ ಮೇ ತಿಂಗಳಲ್ಲೇ ಹಂತಹಂತದ ವಿಧಾನ ಪ್ರಕಟಿಸಿತ್ತು. ವಿಶ್ವಸಂಸ್ಥೆಯ ಮಹಾಸಭೆ 2020ರ ಡಿಸೆಂಬರ್ 1ರಂದು ಈ ಪಟ್ಟಕ್ಕೇ ಒತ್ತಾಯಿಸುವ ನಿರ್ಣಯ ಮಾಡಿತು. 2021ರ ಜನವರಿಯಲ್ಲಿ ನೂರಾರು ಕಂಪನಿಗಳು ನೆಪ್ಚೂನ್ ಘೋಷಣೆಗೆ ಸಹಿ ಹಾಕಿದವು.

ನನಗೆ ಈ ಪಟ್ಟದ ಬಗ್ಗೆ ಅರೆನಂಬಿಕೆ. ಲಾಕ್‌ಡೌನಿನಲ್ಲಿ ನಮ್ಮ ರೈಸ್‌ಮಿಲ್ಲುಗಳೂ ಅಗತ್ಯ ಸೇವೆಯ ಪಟ್ಟಿಯಲ್ಲಿದ್ದವು. ಹಾಗೆಂದು ಚೀಲ ಹೊರುವ ಹಮಾಲಿಯ ಬದುಕು ಅಗತ್ಯವೆಂದು ಯಾರೂ ಬಗೆಯಲಿಲ್ಲ, ಅವನ ದುಡಿಮೆ ಅಗತ್ಯ ಎಂದರಷ್ಟೇ. ಅಗತ್ಯ ಎಂಬ ಮಾತು ಇಳಿಯಲು ಬಿಡುವುದಕ್ಕೂ ಬಳಕೆಯಾಗುತ್ತದೆ, ಇಳಿಯದಂತೆ ಹಿಡಿದಿಡುವುದಕ್ಕೂ. 2020ರಲ್ಲಿ ಭಾರತ ಹಳೆಯ ಎಪಿಡೆಮಿಕ್ ಕಾಯ್ದೆಗೆ ತಿದ್ದುಪಡಿ ತಂದಿತು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಶಿಕ್ಷೆ ಸೇರಿಸಿತು, ಒಳ್ಳೆಯದೇ. ಬಸ್ಸು, ರೈಲು, ಹಡಗು, ವಿಮಾನಗಳ ತಪಾಸಣೆಯ ಅಧಿಕಾರವನ್ನು ಹಿಗ್ಗಿಸಿತು. ಹಡಗಿನೊಳಗೆ ದುಡಿಯುವವನ ಪಾಲಿಗೆ 1897ರ ಮೌನ ಹಾಗೆಯೇ ಮುಂದುವರಿಯಿತು.

ಸರಕಿನ ಒಡೆಯ ಮತ್ತು ಬಾಡಿಗೆ ಧ್ವಜ

ಇನ್ನೆರಡು ಪಂಥಗಳು ಬೇರನ್ನು ಹುಡುಕುತ್ತವೆ. ಹಡಗನ್ನು ಬಾಡಿಗೆಗೆ ಹಿಡಿದ ಸರಕಿನ ಒಡೆಯರು, ನಮ್ಮ ಸರಕು ಇಳಿಯುವತನಕ ಕ್ರ್ಯೂ ಚೇಂಜ್ ಮಾಡಬಾರದು ಎಂಬ ಷರತ್ತನ್ನೇ ಕರಾರಿಗೆ ಸೇರಿಸುತ್ತಿದ್ದರು. ದಾರಿ ಬದಲಿಸಿ ಎರಡು ದಿನ ತಡವಾದರೆ ಆ ಖರ್ಚು ಯಾರದು ಎಂಬ ಜಗಳ. ಹಾಗಾಗಿ ಮನೆಮನೆಗೆ ಸಾಮಾನು ಮಾರುವ ದೊಡ್ಡ ಕಂಪನಿಗಳೂ ತಮ್ಮ ಸರಕು ಬಂದ ಹಡಗಿನಲ್ಲಿ ಯಾರು, ಎಷ್ಟು ತಿಂಗಳಿಂದ ಇದ್ದಾರೆ ಎಂದು ವಿಚಾರಿಸಬೇಕು ಎಂದು ಒಂದು ಪಂಥ ಹೇಳುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2021ರ ಮೇನಲ್ಲಿ ಅದಕ್ಕೊಂದು ಪ್ರಶ್ನಾವಳಿಯನ್ನೂ ಕೊಟ್ಟವು. ವಿಚಾರಿಸಲೇಬೇಕು ಎಂಬ ಕಟ್ಟುಪಾಡಿಲ್ಲದ್ದರಿಂದ ಅದು ಕಂಪನಿಗಳ ಆತ್ಮಸಾಕ್ಷಿಗೆ ಬಿಟ್ಟ ಮಾತಾಯಿತು.

ಇನ್ನೊಂದು ಪಂಥಕ್ಕೆ ಸಾಂಕ್ರಾಮಿಕವು ಹಳೆಯ ಕಾಯಿಲೆಯನ್ನು ಹೊರಗೆ ಹಾಕಿದ ಜ್ವರವಷ್ಟೆ. ಮಾಲೀಕ ಗ್ರೀಸಿನವನು, ಧ್ವಜ ಪನಾಮಾದ್ದು, ಮ್ಯಾನಿಂಗ್ ಏಜೆಂಟ್ ಮುಂಬಯಿಯವನು, ಸರಕು ಬ್ರೆಜಿಲ್‌ದು, ನಾವಿಕ ಮೂಲ್ಕಿಯವನು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು, ಈ ಮೂರೇ ಧ್ವಜಗಳ ಕೆಳಗೆ ಪ್ರಪಂಚದ ಹಡಗು ಸಾಮರ್ಥ್ಯದ ಶೇ 40ಕ್ಕೂ ಹೆಚ್ಚು ಪಾಲಿದೆ. ಸಂಕಟ ಬಂದಾಗ ಕರೆ ಮಾಡಬೇಕಾದ ರಾಯಭಾರ ಕಚೇರಿ ಯಾವುದು? ಸಾಂಕ್ರಾಮಿಕ ಮುಗಿದ ಮೇಲಿನ ಅಂಕಿಗಳು ಇವರ ಮಾತಿಗೆ ಬಲ ಕೊಡುತ್ತವೆ. 2024ರಲ್ಲಿ 312 ಹಡಗುಗಳಲ್ಲಿ 3,133 ನಾವಿಕರನ್ನು ಮಾಲೀಕರು ಕೈಬಿಟ್ಟು ಹೋದರು ಎಂದು ಐಟಿಎಫ್ ಲೆಕ್ಕ ಹಾಕಿದೆ. ಅವರಲ್ಲಿ ಎಲ್ಲರಿಗಿಂತ ಹೆಚ್ಚಿನವರು ಭಾರತೀಯರು. ಅಷ್ಟು ಹೊತ್ತಿಗೆ ವೈರಸ್ಸಿನ ನೆಪ ಇರಲಿಲ್ಲ.

ನಕ್ಷೆಯ ಹೊರಗಿನ ಕರಾವಳಿ

ಇಷ್ಟೂ ಪಂಥಗಳು ನಾವಿಕ ಎಂದಾಗ ಕಣ್ಣ ಮುಂದೆ ತಂದುಕೊಳ್ಳುವುದು ಸಿಡಿಸಿ ಎಂಬ ನಾವಿಕರ ದಾಖಲೆ ಪುಸ್ತಕ ಹಿಡಿದು ವಿಮಾನ ಹತ್ತುವವನನ್ನು. ನಮ್ಮ ಕರಾವಳಿಯಲ್ಲಿ ಕಡಲಿಗೆ ಹೋಗುವ ಬಹುಮಂದಿ ಅಂಥವರಲ್ಲ. ಎಂಎಲ್‌ಸಿಯ ಆರಂಭದಲ್ಲೇ ಒಂದು ಸಾಲಿದೆ: ಮೀನುಗಾರಿಕೆ ದೋಣಿಗಳಿಗೂ ಸಾಂಪ್ರದಾಯಿಕ ಕಟ್ಟಣೆಯ ಹಡಗುಗಳಿಗೂ ಇದು ಅನ್ವಯಿಸದು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಲಕ್ಷದ್ವೀಪಕ್ಕೆ ಹೋಗುವ ಮರದ ಹಡಗುಗಳಾದ ಮಂಜಿಗಳು ಆ ಎರಡನೇ ಪಂಗಡಕ್ಕೆ ಸೇರುತ್ತವೆ. ಒಂದೂ ಕೋವಿಡ್ ಪ್ರಕರಣವಿಲ್ಲದಿದ್ದ ದ್ವೀಪಕ್ಕೆ ಹೊರಗಿನ ದಿನಸಿ ಮುಟ್ಟಿಸುತ್ತಿದ್ದ ಖಲಾಸಿಯ ಪರವಾಗಿ ಎತ್ತಿ ತೋರಿಸಲು ಅಂತರರಾಷ್ಟ್ರೀಯ ಹಕ್ಕುಪತ್ರದಲ್ಲಿ ಒಂದು ವಾಕ್ಯವೂ ಇಲ್ಲ.

ಮಲ್ಪೆಯ ಟ್ರಾಲ್ ಬೋಟುಗಳಲ್ಲಿ ದುಡಿಯುವ ಉತ್ತರ ಕನ್ನಡ, ಆಂಧ್ರ, ಒಡಿಶಾ, ಜಾರ್ಖಂಡ್‌ನವರ ಕತೆಯೂ ಇದೇ. ಮೀನುಗಾರಿಕೆ ಕೆಲಸದ ಬಗ್ಗೆ 2007ರ ಪ್ರತ್ಯೇಕ ಐಎಲ್‌ಒ ಒಪ್ಪಂದವಿದೆ, 2017ರಲ್ಲಿ ಜಾರಿಗೂ ಬಂದಿದೆ; ಭಾರತ ಅದನ್ನು ಅನುಮೋದಿಸಿಲ್ಲ. 2020ರಲ್ಲಿ ಇರಾನಿನಲ್ಲಿ ಸಿಕ್ಕಿಬಿದ್ದ ನಮ್ಮ ಮೀನುಗಾರರನ್ನು ಐಎನ್‌ಎಸ್ ಜಲಾಶ್ವ ಜುಲೈ 1ರಂದು ತೂತುಕುಡಿಗೆ ತಂದಿಳಿಸಿತು. ಅದು ಸರ್ಕಾರದ ಕರುಣೆ. ಹಕ್ಕಾಗಿ ಅವರು ಕೇಳುವಂತಿರಲಿಲ್ಲ.

ದೊಡ್ಡ ಹಡಗು, ಮೀನುಗಾರಿಕೆ ಬೋಟು ಈ ಎರಡರ ನಡುವೆ ಟಗ್ಗುಗಳು, ಬಾರ್ಜುಗಳು. 2021ರ ಮೇ ಮಧ್ಯದಲ್ಲಿ, ಎರಡನೇ ಅಲೆಯ ನಡುವೆಯೇ, ತೌಕ್ತೆ ಚಂಡಮಾರುತ ಬಂದಾಗ ಮಂಗಳೂರಿನ ಕಡೆಯ ಅಲಯನ್ಸ್ ಎಂಬ ಟಗ್ಗು ಮಗುಚಿತು. ಕೆಲವರು ಈಜಿ ದಡ ಸೇರಿದರು, ಕೆಲವರು ಬರಲೇ ಇಲ್ಲ. ಕೋರಮಂಡಲ್ ಸಪೋರ್ಟರ್–9 ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಮೇ 17ರಂದು ಹೊರತಂದವು. ಅದೇ ದಿನ ಮುಂಬಯಿಯಾಚೆ 261 ಜನರಿದ್ದ ಪಿ–305 ಬಾರ್ಜು ಮುಳುಗಿತು. ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಮೇಲೂ ಈ ಜನ ಕಡಲಲ್ಲೇ ಏಕಿದ್ದರು ಎಂಬ ಪ್ರಶ್ನೆಯ ಬುಡದಲ್ಲೂ ಅದೇ ಪ್ರಶ್ನೆಯಿದೆ: ಇಳಿಸುವ ತೀರ್ಮಾನ ಯಾರದು?

ದಡದ ಮೇಲೆ ಸಿಕ್ಕಿಬಿದ್ದವರು

ಸುದ್ದಿಯಾದವರು ಹಡಗಿನಲ್ಲಿ ಉಳಿದವರು. ಮನೆಯಲ್ಲಿ ಉಳಿದವರ ಪಾಡು ಅಷ್ಟು ಕಣ್ಣಿಗೆ ಬೀಳಲಿಲ್ಲ. ಬಹಳಷ್ಟು ನಾವಿಕರಿಗೆ ಹಡಗಿನಲ್ಲಿದ್ದಷ್ಟು ದಿನ ಮಾತ್ರ ಸಂಬಳ. ಕರಾರು ಸಿಗದೆ ವರ್ಷ ಕಳೆದರೆ ಮನೆ ಸಾಲದ ಕಂತು ಕಾಯುವುದಿಲ್ಲ, ತರಬೇತಿ ಪ್ರಮಾಣಪತ್ರದ ಅವಧಿಯೂ ಮುಗಿಯುತ್ತದೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೊರಗಿದ್ದರೆ ಸಿಗುವ ಅನಿವಾಸಿ ತೆರಿಗೆ ಸೌಲಭ್ಯವೂ ಕೈತಪ್ಪುವ ಭಯ ಬೇರೆ.

ಕಾಸರಗೋಡಿನ ಕಡೆ, ಬೇಕಲ, ಕೋಟಿಕುಳಂ, ಪಾಲಕುನ್ನು ಊರುಗಳಲ್ಲಿ ಮರ್ಚೆಂಟ್ ನೇವಿಗೆ ಹೋದವರ ಮನೆಗಳು ಸಾಲುಸಾಲಾಗಿವೆ. ಆ ಜಿಲ್ಲೆಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ಮಂಗಳೂರಿನವು. 2020ರ ಮಾರ್ಚ್ ಕೊನೆಗೆ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸ್‌ಗಳೇ ತಿರುಗಿಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಲು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ದೇಶದ ಬಂದರು ತೆರೆದರೂ ರಾಜ್ಯದ ಗಡಿ ತೆರೆಯದಿದ್ದರೆ ನಾವಿಕನಿಗೆ ಅರ್ಧ ಹಾದಿಯೇ ಸಿಕ್ಕಂತೆ. ಎಂಎಲ್‌ಸಿ ಬರೆದವರು ಜಿನೀವಾದಲ್ಲಿ ಕೂತು ತಲಪಾಡಿಯ ಚೆಕ್‌ಪೋಸ್ಟನ್ನು ಊಹಿಸಿರಲಿಕ್ಕಿಲ್ಲ.

ತಿದ್ದುಪಡಿಗಳ ನಂತರ ಉಳಿದದ್ದು

ಸುಮ್ಮನೆ ಕೂತಿಲ್ಲ ಯಾರೂ. ಎಂಎಲ್‌ಸಿಗೆ 2022ರಲ್ಲಿ ಒಪ್ಪಿದ ತಿದ್ದುಪಡಿಗಳು 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿವೆ. ತುರ್ತು ಚಿಕಿತ್ಸೆ ಬೇಕಾದವರನ್ನು ಕೂಡಲೇ ಇಳಿಸಿಕೊಳ್ಳಬೇಕು, ಸತ್ತವರ ದೇಹವನ್ನು ಊರಿಗೆ ಕಳಿಸಲು ನೆರವಾಗಬೇಕು, ಹಡಗಿನಲ್ಲಿ ಇಂಟರ್ನೆಟ್ ಸಂಪರ್ಕ ಇರಬೇಕು, ಅಳತೆಗೆ ಸರಿಹೊಂದುವ ಸುರಕ್ಷಾ ಉಡುಪು ಕೊಡಬೇಕು. 2025ರಲ್ಲಿ ಇನ್ನೊಂದು ಸುತ್ತು ಒಪ್ಪಿಗೆಯಾಯಿತು. ನಾವಿಕರನ್ನು ಅಗತ್ಯ ಕಾರ್ಮಿಕರೆಂದು ಗುರುತಿಸುವ ಮಾತು ಅದರಲ್ಲಿ ಸೇರಿದೆ, ಜಾರಿಯಾಗುವುದು 2027ರ ಕೊನೆಗೆ. ಭಾರತದಲ್ಲಿ 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಜಾಗಕ್ಕೆ ಹೊಸದನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯರು ಅದೇ ವರ್ಷದ ಮೇನಲ್ಲಿ ಸಾಂಕ್ರಾಮಿಕ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು.

ಇವೆಲ್ಲದರ ಆಚೆಗೆ ಇತ್ಯರ್ಥವಾಗದೆ ಉಳಿದ ಪ್ರಶ್ನೆಗಳು ಕೆಲವಿವೆ. ಮೊದಲನೆಯದು, ಬಂದರಿನ ದೇಶ ಇಳಿಸಿಕೊಳ್ಳದಿದ್ದರೆ ಅದನ್ನು ಕೇಳುವವರು ಯಾರು. ಹಡಗನ್ನು ತಡೆಹಿಡಿಯಬಹುದು, ದೇಶವನ್ನು ತಡೆಹಿಡಿಯಲಾಗದು. ಎರಡನೆಯದು ದುಡ್ಡಿನದು: ಕ್ವಾರಂಟೈನ್ ಹೋಟೆಲು, ಸುತ್ತಿಬಳಸಿದ ದಾರಿಯ ಇಂಧನ, ಕೆಲಸವಿಲ್ಲದೆ ಕಳೆದ ತಿಂಗಳುಗಳು, ಇವನ್ನು ಮಾಲೀಕ, ಸರಕಿನ ಒಡೆಯ, ಸರ್ಕಾರ ಹೇಗೆ ಹಂಚಿಕೊಳ್ಳಬೇಕು ಎಂಬುದಕ್ಕೆ ಒಪ್ಪಿತ ಸೂತ್ರವಿಲ್ಲ. ಹೆಚ್ಚಿನ ಸಲ ಕೊನೆಯ ಪಾಲು ನಾವಿಕನ ಕೈಗೇ ಬಂತು. 11 ತಿಂಗಳು ಎಂಬ ಮಿತಿಯೇ ಮನುಷ್ಯನ ಮನಸ್ಸಿಗೆ ತಡೆಯುವಂಥದೇ, ಅಥವಾ ರಜೆಯ ಲೆಕ್ಕದಿಂದ ಹುಟ್ಟಿದ ಸಂಖ್ಯೆಯಷ್ಟೇ ಎಂಬ ವಾದವೂ ಮುಗಿದಿಲ್ಲ.

ಇನ್ನೊಂದು ನಮ್ಮ ರಾಜ್ಯದ ಪ್ರಶ್ನೆ. ಪಣಂಬೂರು ಕೇಂದ್ರದ ಬಂದರು. ಮಂಗಳೂರಿನ ಹಳೆ ಬಂದರು, ಮಲ್ಪೆ, ಕಾರವಾರಗಳು ರಾಜ್ಯದ ಕೈಯಲ್ಲಿವೆ, 2015ರ ಕಾಯ್ದೆಯಂತೆ ರಚನೆಯಾದ ಕರ್ನಾಟಕ ಮಾರಿಟೈಮ್ ಬೋರ್ಡ್ ಅವುಗಳನ್ನು ನೋಡಿಕೊಳ್ಳಬೇಕು. ಮಂಜಿಯ ಖಲಾಸಿಗೂ ಬೋಟಿನ ಕೆಲಸಗಾರನಿಗೂ ಎಂಎಲ್‌ಸಿ ಕೊಡದ್ದನ್ನು ಕೊಡಲು ಜಿನೀವಾದ ಒಪ್ಪಿಗೆ ಬೇಕಿಲ್ಲ, ಬೆಂಗಳೂರಿನ ಒಂದು ನಿಯಮಾವಳಿ ಸಾಕು. ಮುಂದಿನ ಸಾಂಕ್ರಾಮಿಕದಲ್ಲಿ ಅವರ ಪರೀಕ್ಷೆ ಎಲ್ಲಿ, ಪ್ರತ್ಯೇಕವಾಸ ಎಲ್ಲಿ, ಆ ದಿನಗಳ ಕೂಲಿ ಯಾರ ಲೆಕ್ಕಕ್ಕೆ, ಕಾರ್ಮಿಕ ಇಲಾಖೆಯೋ ಮೀನುಗಾರಿಕೆ ಇಲಾಖೆಯೋ ಬೋರ್ಡೋ ಎಂಬುದನ್ನು ಅಲ್ಲಿ ಬರೆಯಬೇಕಾಗುತ್ತದೆ.